ಟಿಕೆಟ್ ಕೊಡುವವರ ಮುಂದೆ ಉಲ್ಟಾ ಹೊಡೆಯುವ ಮಾತು

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ. ಮಗಳು, ಅಳಿಯ ಅಮೆರಿಕದ ಟೆಕ್ಸಾಸ್‌ನಲ್ಲಿದ್ದಾರೆ. ಮಗಳು ಈಗ ಬಸುರಿ. ಅಲ್ಲಿ ಗರ್ಭಪಾತದ ಕಾನೂನು ಬಹಳ ಬಿಗಿ, ಏನಾದರೂ ಹೆಚ್ಚುಕಮ್ಮಿಯಾದರೆ ಡಾಕ್ಟರು ಕೈ ಹಾಕಲು ಹೆದರುತ್ತಾರೆ ಅಂತ ಅವಳಿಗೆ ದಿಗಿಲು. ಹಾಗಾಗಿ ನಾನೂ ಅಲ್ಲಿನ ಸುದ್ದಿ ನೋಡಲು ಶುರು ಮಾಡಿದೆ. ಅಲ್ಲಿನ ನಾಯಕರು ಈ ವಿಷಯದಲ್ಲಿ ಇವತ್ತು ಒಂದು ಹೇಳಿ ನಾಳೆ ಇನ್ನೊಂದು ಹೇಳುತ್ತಾರೆ. ಇದೆಲ್ಲ ಬರೀ ಓಟಿಗಾಗಿಯಾ? ಅಂಥವರನ್ನು ನಂಬಬಹುದಾ? ನಮ್ಮ ಕಡೆ ಚುನಾವಣೆಯಲ್ಲಿ ಇದರ ಮಾತೇ ಯಾಕೆ ಬರುವುದಿಲ್ಲ?

ಉತ್ತರ: ಹೌದು, ಬಹುಪಾಲು ಓಟಿಗಾಗಿಯೇ. ಆದರೆ ಯಾರ ಓಟು ಅನ್ನುವುದನ್ನು ಮೊದಲು ಬಿಡಿಸಿಕೊಳ್ಳಬೇಕು. ಶಿವಮೊಗ್ಗದ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತಿದ್ದಾಗಲೂ ಹುಡುಗರು ಇದನ್ನೇ ಕೇಳುತ್ತಿದ್ದರು. ಇಡೀ ದೇಶದ ಜನರನ್ನು ಮೆಚ್ಚಿಸಲು ನಾಯಕರು ಮಾತು ಬದಲಿಸುತ್ತಾರೆ ಅಂತ ಅವರ ಎಣಿಕೆ. ಹಾಗಲ್ಲ. ಹೆಚ್ಚಾಗಿ ಅವರು ಉಲ್ಟಾ ಹೊಡೆಯುವುದು ಟಿಕೆಟ್ ಕೊಡುವವರ ಮುಂದೆ.

ನಮ್ಮಲ್ಲಿ ಟಿಕೆಟ್ ಹೇಗೆ ಸಿಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಬೆಂಗಳೂರಿಗೆ ಓಡಬೇಕು, ಅಲ್ಲಿಂದ ದಿಲ್ಲಿಗೆ. ಜಾತಿ ಲೆಕ್ಕ, ದುಡ್ಡಿನ ಲೆಕ್ಕ, ಮೇಲಿನವರ ಕೃಪೆ. ಅಮೆರಿಕದಲ್ಲಿ ನಮ್ಮ ಹಾಗೆ ಹೈಕಮಾಂಡ್ ಕೂತು ಪಟ್ಟಿ ಬಿಡುಗಡೆ ಮಾಡುವುದಿಲ್ಲ. ಮುಖ್ಯ ಚುನಾವಣೆಗೆ ಮೊದಲು ಪಕ್ಷದೊಳಗೇ ಇನ್ನೊಂದು ಚುನಾವಣೆ ನಡೆಯುತ್ತದೆ. ಅದಕ್ಕೆ ಪ್ರೈಮರಿ ಅನ್ನುತ್ತಾರೆ. ಅಭ್ಯರ್ಥಿ ಯಾರು ಅಂತ ಆರಿಸುವವರು ಆ ಪಕ್ಷದ ಸಾಮಾನ್ಯ ಮತದಾರರು. ಸಾಮಾನ್ಯ ಅಂದೆ, ಆದರೆ ಪ್ರೈಮರಿಯ ದಿನ ಕೆಲಸ ಬಿಟ್ಟು ಬಂದು ಓಟು ಹಾಕುವವರು ಅಷ್ಟೇನೂ ಸಾಮಾನ್ಯರಲ್ಲ. ಒಂದೊಂದು ವಿಷಯವನ್ನು ತಲೆಯ ಮೇಲೆ ಹೊತ್ತುಕೊಂಡವರೇ ಜಾಸ್ತಿ. ರಿಪಬ್ಲಿಕನ್ ಪಕ್ಷದಲ್ಲಿ ಗರ್ಭಪಾತ ನಿಲ್ಲಬೇಕು ಅನ್ನುವವರು, ಡೆಮಾಕ್ರಟಿಕ್ ಪಕ್ಷದಲ್ಲಿ ಅದು ಹೆಂಗಸಿನ ಹಕ್ಕು ಅನ್ನುವವರು. ಈ ಎರಡು ಗುಂಪಿನ ಕಣ್ಣು ತಪ್ಪಿಸಿ ಟಿಕೆಟ್ ಪಡೆಯುವುದು ಕಷ್ಟ.

ಡೆಮಾಕ್ರಟಿಕ್ ಪಕ್ಷದ ಜೋ ಬೈಡನ್ ಅವರನ್ನೇ ನೋಡಿ. ಕ್ಯಾಥೊಲಿಕ್ ಮನೆತನ. 1973ರಲ್ಲಿ ಸೆನೆಟ್‌ಗೆ, ಅಂದರೆ ಅಲ್ಲಿನ ಸಂಸತ್ತಿನ ಮೇಲ್ಮನೆಗೆ ಬಂದವರು. ಗರ್ಭಪಾತಕ್ಕೆ ಕೇಂದ್ರ ಸರ್ಕಾರದ ದುಡ್ಡು ಬಳಸಬಾರದು ಅನ್ನುವ ಒಂದು ಷರತ್ತು ಅಲ್ಲಿನ ಬಜೆಟ್‌ನಲ್ಲಿದೆ. 1976ರಿಂದ ಇದೆ, ಹೈಡ್ ತಿದ್ದುಪಡಿ ಅಂತ ಹೆಸರು. ಬೈಡನ್ ಅದನ್ನು ದಶಕಗಳ ಕಾಲ ಬೆಂಬಲಿಸಿದರು. 2019ರ ಜೂನ್ 5ರಂದು ಅವರ ಅಧ್ಯಕ್ಷ ಚುನಾವಣೆಯ ಪ್ರಚಾರ ತಂಡ, ಈಗಲೂ ಅವರ ನಿಲುವು ಅದೇ ಅಂತ ಹೇಳಿತು. ಪಕ್ಷದೊಳಗೆ ಗಲಾಟೆ ಎದ್ದಿತು. ಜೂನ್ 6ರ ರಾತ್ರಿ ಅಟ್ಲಾಂಟದಲ್ಲಿ ಬೈಡನ್ ಎದ್ದು ನಿಂತು, ಇನ್ನು ಮುಂದೆ ತಾನು ಅದನ್ನು ಬೆಂಬಲಿಸುವುದಿಲ್ಲ ಅಂದರು. ದಶಕಗಳ ನಿಲುವು ಒಂದೇ ದಿನದಲ್ಲಿ ಹೋಯಿತು. ಆಗ ಮುಖ್ಯ ಚುನಾವಣೆಗೆ ಇನ್ನೂ ಒಂದೂವರೆ ವರ್ಷ ಬಾಕಿ ಇತ್ತು. ಎದುರಿಗಿದ್ದದ್ದು ಪ್ರೈಮರಿ.

ರಿಪಬ್ಲಿಕನ್ ಪಕ್ಷದ ಮಿಟ್ ರಾಮ್ನಿ ಅವರದ್ದು ಇದೇ ಕಥೆ, ದಿಕ್ಕು ಮಾತ್ರ ಬೇರೆ. 1994ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಟೆಡ್ ಕೆನಡಿ ಎದುರು ಸೆನೆಟ್‌ಗೆ ನಿಂತಾಗ, ಗರ್ಭಪಾತ ಸುರಕ್ಷಿತವಾಗಿರಬೇಕು, ಕಾನೂನುಬದ್ಧವಾಗಿರಬೇಕು ಅಂತ ಚರ್ಚೆಯ ವೇದಿಕೆಯಲ್ಲೇ ಹೇಳಿದರು. 2002ರಲ್ಲಿ ಅದೇ ರಾಜ್ಯದ ಗವರ್ನರ್ ಆದರು. ಅಲ್ಲಿಯ ಜನ ಉದಾರಿಗಳು, ಆ ಮಾತು ಅಲ್ಲಿ ನಡೆಯುತ್ತಿತ್ತು. ಆಮೇಲೆ ಅಧ್ಯಕ್ಷ ಪಟ್ಟದ ಕಡೆ ಕಣ್ಣು ಹೋಯಿತು. 2005ರಲ್ಲಿ ತುರ್ತು ಗರ್ಭನಿರೋಧಕ ಮಾತ್ರೆ ಸುಲಭವಾಗಿ ಸಿಗುವಂತೆ ಮಾಡುವ ಮಸೂದೆ ಬಂದಾಗ ಅದಕ್ಕೆ ವೀಟೋ ಹಾಕಿದರು. ತಾನೀಗ ಗರ್ಭಪಾತದ ವಿರೋಧಿ ಅಂತ ಬರೆದರು. 2008ರ ಪ್ರೈಮರಿಗೆ ಹೊರಟಾಗ ಕೈಯಲ್ಲಿ ಹೊಸ ನಿಲುವು ಸಿದ್ಧವಿತ್ತು.

ಇವರಿಬ್ಬರನ್ನು ಬೇಕೆಂದೇ ಒಟ್ಟಿಗೆ ಇಟ್ಟೆ. ಒಂದು ಪಕ್ಷದವರು ಮಾತ್ರ ಹೀಗೆ ಅಂದುಕೊಂಡರೆ ಇದು ಅರ್ಥವಾಗುವುದಿಲ್ಲ.

ಇನ್ನೊಂದು ವಿಷಯ ಕೇಳಿದರೆ ನಿಮಗೆ ಆಶ್ಚರ್ಯವಾಗಬಹುದು. 1970ರ ಆಸುಪಾಸಿನಲ್ಲಿ ಈ ವಿಷಯಕ್ಕೆ ಪಕ್ಷದ ಬಣ್ಣವೇ ಇರಲಿಲ್ಲ. ಕ್ಯಾಥೊಲಿಕರು ಗರ್ಭಪಾತದ ದೊಡ್ಡ ವಿರೋಧಿಗಳು. ಆದರೆ ಅವರಲ್ಲಿ ಹೆಚ್ಚಿನವರು ಡೆಮಾಕ್ರಟಿಕ್ ಪಕ್ಷಕ್ಕೆ ಓಟು ಹಾಕುವವರು. ಇವತ್ತು ಕಟ್ಟಾ ವಿರೋಧಿಯಾಗಿರುವ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ ಅನ್ನುವ ದೊಡ್ಡ ಪ್ರಾಟೆಸ್ಟೆಂಟ್ ಪಂಗಡ 1971ರಲ್ಲಿ, ಕೆಲವು ಸಂದರ್ಭಗಳಲ್ಲಿ ಗರ್ಭಪಾತಕ್ಕೆ ಕಾನೂನಿನ ಅವಕಾಶ ಇರಲಿ ಅಂತ ನಿರ್ಣಯ ಮಾಡಿತ್ತು. ಅದೇ ವರ್ಷದ ಏಪ್ರಿಲ್‌ನಲ್ಲಿ ರಿಪಬ್ಲಿಕನ್ ಅಧ್ಯಕ್ಷ ರಿಚರ್ಡ್ ನಿಕ್ಸನ್ ಸೇನಾ ಆಸ್ಪತ್ರೆಗಳಲ್ಲಿದ್ದ ಸಡಿಲ ನಿಯಮವನ್ನು ಹಿಂತೆಗೆದರು. ಮರುವರ್ಷ ಚುನಾವಣೆ. ಡೆಮಾಕ್ರಟಿಕ್ ಬುಟ್ಟಿಯಲ್ಲಿದ್ದ ಕ್ಯಾಥೊಲಿಕ್ ಓಟನ್ನು ಎಳೆದುಕೊಳ್ಳುವ ಲೆಕ್ಕಾಚಾರ ಅಲ್ಲಿಂದಲೇ ಶುರುವಾಯಿತು. 1979ರಲ್ಲಿ ಪಾದ್ರಿ ಜೆರ್ರಿ ಫಾಲ್ವೆಲ್ ಅವರ ಮಾರಲ್ ಮೆಜಾರಿಟಿ ಅನ್ನುವ ಸಂಘಟನೆ ಹುಟ್ಟಿದ ಮೇಲೆ ಪ್ರಾಟೆಸ್ಟೆಂಟ್ ಚರ್ಚುಗಳ ಓಟು ಕೂಡ ರಿಪಬ್ಲಿಕನ್ ಕಡೆಗೆ ಗುಂಪುಗೂಡಿತು.

ಹೀಗೆ ಜನ ಪಕ್ಷಗಳ ನಡುವೆ ಹಂಚಿಹೋಗುತ್ತಿದ್ದ ಹಾಗೆ, ತಪ್ಪು ದಡದಲ್ಲಿ ಸಿಕ್ಕಿಬಿದ್ದ ನಾಯಕರು ಒಬ್ಬೊಬ್ಬರಾಗಿ ಹೊಳೆ ದಾಟಿದರು. ರೊನಾಲ್ಡ್ ರೇಗನ್ 1967ರಲ್ಲಿ ಕ್ಯಾಲಿಫೋರ್ನಿಯದ ಗವರ್ನರ್ ಆಗಿ ಗರ್ಭಪಾತದ ಕಾನೂನನ್ನು ಸಡಿಲಿಸುವ ಮಸೂದೆಗೆ ಸಹಿ ಹಾಕಿದ್ದವರು. ಮುಂದೆ ಆ ಸಹಿಯ ಬಗ್ಗೆ ಪಶ್ಚಾತ್ತಾಪ ಪಟ್ಟರು, 1980ರಲ್ಲಿ ವಿರೋಧಿಗಳ ನಾಯಕರಾಗಿ ಗೆದ್ದರು. ಅವರ ಜೊತೆ ಉಪಾಧ್ಯಕ್ಷರಾದ ಹಿರಿಯ ಜಾರ್ಜ್ ಬುಷ್, ಸಂಸದರಾಗಿದ್ದಾಗ ಕುಟುಂಬ ಯೋಜನೆಯ ದೊಡ್ಡ ಬೆಂಬಲಿಗ. ಟಿಕೆಟ್ ಜೊತೆಗೆ ರೇಗನ್ ನಿಲುವೂ ಅವರಿಗೆ ಬಂತು. ಆ ಕಡೆಯಿಂದ ಈ ಕಡೆಗೆ ಬಂದವರು ಅಲ್ ಗೋರ್, ರಿಚರ್ಡ್ ಗೆಪಾರ್ಟ್, ಜೆಸ್ಸಿ ಜಾಕ್ಸನ್, ಡೆನಿಸ್ ಕುಸಿನಿಚ್. ನಾಲ್ವರೂ ಮೊದಲು ವಿರೋಧಿಗಳು. ನಾಲ್ವರೂ ಒಂದಲ್ಲ ಒಂದು ಸಲ ಡೆಮಾಕ್ರಟಿಕ್ ಪಕ್ಷದಿಂದ ಅಧ್ಯಕ್ಷರಾಗಲು ಹೊರಟವರು. ಹೊರಡುವ ಹೊತ್ತಿಗೆ ನಾಲ್ವರ ನಿಲುವೂ ಬದಲಾಗಿತ್ತು. ಕಾಕತಾಳೀಯ ಅನ್ನಬೇಕಾ?

ಈಗ ಎರಡನೆಯ ಪ್ರಶ್ನೆ, ನಂಬಬಹುದಾ ಅನ್ನುವುದು. ನಾವು ಸಾಮಾನ್ಯವಾಗಿ ಕೇಳುವುದು ಅವರ ಮನಸ್ಸಿನಲ್ಲಿ ನಿಜವಾಗಿ ಏನಿದೆ ಅಂತ. ನನಗೆ ಅದು ಸುಮ್ನೆ ಹೊತ್ತು ಕಳೆಯುವ ಪ್ರಶ್ನೆ ಅನ್ನಿಸುತ್ತದೆ. ಮನಸ್ಸು ಯಾರಿಗೂ ಕಾಣುವುದಿಲ್ಲ. ಕಾಣುವುದು ಕೆಲಸ. ರೇಗನ್ ಮತ್ತು ಟ್ರಂಪ್ ಇಬ್ಬರನ್ನು ಪಕ್ಕಪಕ್ಕ ಇಟ್ಟು ನೋಡಿ.

ರೇಗನ್ ಮಾತಿನಲ್ಲಿ ಕಳಕಳಿ ಇತ್ತು. 1983ರಲ್ಲಿ ಅಧ್ಯಕ್ಷ ಪದವಿಯಲ್ಲಿದ್ದಾಗಲೇ ಗರ್ಭಪಾತದ ವಿರುದ್ಧ ಉದ್ದದ ಪ್ರಬಂಧ ಬರೆದರು. ಅವರು ನಿಜವಾಗಿಯೂ ಬದಲಾದರು ಅಂತ ನಂಬಿದವರು ಬಹಳ. ಆದರೆ ಸುಪ್ರೀಂ ಕೋರ್ಟಿಗೆ ಅವರು ನೇಮಿಸಿದವರಲ್ಲಿ ಇಬ್ಬರನ್ನು ನೋಡಿ. 1981ರಲ್ಲಿ ಸಾಂಡ್ರಾ ಡೇ ಓಕಾನರ್. 1988ರಲ್ಲಿ ಆಂಥನಿ ಕೆನಡಿ. ಗರ್ಭಪಾತ ಹೆಂಗಸಿನ ಸಂವಿಧಾನದತ್ತ ಹಕ್ಕು ಅಂತ 1973ರ ಜನವರಿ 22ರಂದು ರೋ ವಿರುದ್ಧ ವೇಡ್ ಮೊಕದ್ದಮೆಯಲ್ಲಿ ತೀರ್ಪು ಬಂದಿತ್ತಲ್ಲ, 1992ರಲ್ಲಿ ಅದು ಬಿದ್ದೇ ಹೋಗುತ್ತದೆ ಅಂತ ಎಲ್ಲರೂ ಕಾಯುತ್ತಿದ್ದಾಗ ಅದರ ತಿರುಳನ್ನು ಉಳಿಸಿದವರಲ್ಲಿ ಈ ಇಬ್ಬರೂ ಇದ್ದರು. ಮೂರನೆಯವರು ಡೇವಿಡ್ ಸೂಟರ್, ಬುಷ್ ನೇಮಿಸಿದವರು.

ಡೊನಾಲ್ಡ್ ಟ್ರಂಪ್ 1999ರಲ್ಲಿ ಟಿವಿ ಸಂದರ್ಶನದಲ್ಲಿ ತಾನು ಗರ್ಭಪಾತದ ಆಯ್ಕೆಯ ಪರ ಅಂತ ಸ್ಪಷ್ಟವಾಗಿ ಹೇಳಿದ್ದವರು. 2011ರ ಹೊತ್ತಿಗೆ ವಿರೋಧಿಯಾದರು. ಅವರ ಮನಸ್ಸು ಬದಲಾಯಿತು ಅಂತ ನಂಬಿದವರು ಕಡಿಮೆ. ಚರ್ಚಿನ ಮಂದಿಗೂ ಅನುಮಾನ ಇತ್ತು. ಆ ಅನುಮಾನ ಇದ್ದದ್ದಕ್ಕೇ ಅವರು 2016ರ ಮೇ ತಿಂಗಳಲ್ಲಿ, ಗೆದ್ದರೆ ಎಂಥವರನ್ನು ನ್ಯಾಯಾಧೀಶರನ್ನಾಗಿ ಮಾಡುತ್ತೇನೆ ಅಂತ ಹೆಸರುಗಳ ಪಟ್ಟಿಯನ್ನೇ ಬಿಡುಗಡೆ ಮಾಡಬೇಕಾಯಿತು. ಗೆದ್ದ ಮೇಲೆ ಮೂವರನ್ನು ನೇಮಿಸಿದರು: ಗೋರ್ಸಚ್, ಕ್ಯಾವನಾ, ಬ್ಯಾರೆಟ್. 2022ರ ಜೂನ್ 24ರಂದು ಡಾಬ್ಸ್ ತೀರ್ಪಿನಲ್ಲಿ ರೋ ತೀರ್ಪನ್ನು ಕಿತ್ತುಹಾಕಿದ ಐವರಲ್ಲಿ ಈ ಮೂವರೂ ಇದ್ದರು.

ಅಂದರೆ ಮನಸಾರೆ ಬದಲಾದವರಿಂದ ಆ ಕೆಲಸ ಆಗಲಿಲ್ಲ. ಯಾರ ಮನಸ್ಸಿನ ಬಗ್ಗೆ ಅನುಮಾನವಿತ್ತೋ ಅವರಿಂದ ಆಯಿತು. ತಡವಾಗಿ ಬಂದವನ ಮೇಲೆ ಸಾಲ ಜಾಸ್ತಿ ಇರುತ್ತದೆ, ಅವನು ಬಡ್ಡಿ ಸಮೇತ ತೀರಿಸಬೇಕಾಗುತ್ತದೆ. ಹಾಗಾಗಿ ಯಾರಾದರೂ ಉಲ್ಟಾ ಹೊಡೆದರೆ ನಾನು ಕೇಳುವುದು ಅವನು ಯಾರಿಗೆ ಸಾಲಗಾರನಾದ ಅಂತ.

ಬೈಡನ್ ವಿಷಯದಲ್ಲಿ ಉಲ್ಟಾ ಆಯಿತು. ಮಾತು ಬದಲಾಯಿತು, ಅಧ್ಯಕ್ಷರೂ ಆದರು, ತಮ್ಮ ಬಜೆಟ್ ಪ್ರಸ್ತಾವದಿಂದ ಹೈಡ್ ಷರತ್ತನ್ನು ಕೈಬಿಟ್ಟರು. ಸಂಸತ್ತು ಅದನ್ನು ಮತ್ತೆ ಸೇರಿಸಿ ಕಳಿಸಿತು. ಸಹಿ ಬಿತ್ತು. ಷರತ್ತು ಉಳಿಯಿತು. ಮಾತಿಗೂ ಕಾನೂನಿಗೂ ನಡುವೆ ಇರುವ ದೂರ ಇಷ್ಟು.

ಇನ್ನೂ ಒಂದು ಸೂಕ್ಷ್ಮ ಇದೆ. ರೋ ತೀರ್ಪು ಇದ್ದ 49 ವರ್ಷ ರಾಜಕಾರಣಿಗಳಿಗೆ ಬಹಳ ಅನುಕೂಲವಾಗಿತ್ತು. ಬೇಲಿ ಗಟ್ಟಿ ಇದ್ದಾಗ ಎರಡೂ ಕಡೆಯ ನಾಯಿಗಳು ಧೈರ್ಯವಾಗಿ ಬೊಗಳುತ್ತವೆ ನೋಡಿ, ಹಾಗೆ. ಪೂರ್ತಿ ನಿಷೇಧ ತರುತ್ತೇನೆ ಅಂತ ಗುಡುಗಬಹುದಿತ್ತು, ಕೋರ್ಟು ಬಿಡುವುದಿಲ್ಲ ಅಂತ ಗೊತ್ತೇ ಇತ್ತು. 2022ರಲ್ಲಿ ಬೇಲಿ ಬಿತ್ತು. ಎರಡು ತಿಂಗಳೂ ಆಗಿರಲಿಲ್ಲ, ರಿಪಬ್ಲಿಕನ್ ಪಕ್ಷದ ಗಟ್ಟಿ ನೆಲ ಕಾನ್ಸಾಸ್‌ನಲ್ಲಿ ಜನಮತ ಕೇಳಿದರು. ರಾಜ್ಯದ ಸಂವಿಧಾನದಿಂದ ಗರ್ಭಪಾತದ ಹಕ್ಕನ್ನು ತೆಗೆಯಬೇಕಾ ಅಂತ. ಶೇ. 59ರಷ್ಟು ಜನ ಬೇಡ ಅಂದರು. ಅದೇ ಆಗಸ್ಟ್‌ನಲ್ಲಿ ಅರಿಜೋನದ ಸೆನೆಟ್ ಅಭ್ಯರ್ಥಿ ಬ್ಲೇಕ್ ಮಾಸ್ಟರ್ಸ್ ಪ್ರೈಮರಿ ಗೆದ್ದ ಕೂಡಲೇ ತಮ್ಮ ವೆಬ್‌ಸೈಟ್‌ನಲ್ಲಿದ್ದ ಖಡಕ್ ಮಾತುಗಳನ್ನು ಅಳಿಸಿದರು. ಪ್ರೈಮರಿಯಲ್ಲಿ ಒಂದು ಮುಖ, ಮುಖ್ಯ ಚುನಾವಣೆಯಲ್ಲಿ ಇನ್ನೊಂದು. ಗೆಲ್ಲಲಿಲ್ಲ, ಆ ಮಾತು ಬೇರೆ.

ಟ್ರಂಪ್ ಅವರೇ 2024ರ ಆಗಸ್ಟ್‌ನಲ್ಲಿ ಬಸುರಿಗೆ ಆರು ವಾರ ದಾಟಿದರೆ ಗರ್ಭಪಾತ ಇಲ್ಲ ಅನ್ನುವ ಫ್ಲಾರಿಡದ ಮಿತಿ ತೀರಾ ಕಡಿಮೆಯಾಯಿತು ಅಂದರು. ಅವರು ಫ್ಲಾರಿಡದ ಮತದಾರರೇ. ಆ ಮಿತಿಯನ್ನು ತೆಗೆಯುವ ಪ್ರಸ್ತಾವ ಆಗ ಮತಕ್ಕಿತ್ತು. ಹಾಗಾದರೆ ಪರವಾಗಿ ಓಟು ಹಾಕುತ್ತಾರೆ ಅಂತ ಜನ ಅಂದುಕೊಂಡರು. ಹಳೆಯ ಬೆಂಬಲಿಗರು ಸಿಟ್ಟಾದರು. ಮರುದಿನ ತನ್ನ ಓಟು ವಿರುದ್ಧ ಅಂತ ಹೇಳಿದರು. ಆ ಪ್ರಸ್ತಾವಕ್ಕೆ ಸುಮಾರು ಶೇ. 57 ಮತ ಬಂತು. ಬೇಕಾಗಿದ್ದು 60. ಬಿದ್ದುಹೋಯಿತು.

ಹಾಗಾದರೆ ಉಲ್ಟಾ ಹೊಡೆಯುವುದೆಲ್ಲ ಕೆಟ್ಟದ್ದಾ? ನನಗೆ ಹಾಗನ್ನಿಸುವುದಿಲ್ಲ. ಐರ್ಲೆಂಡಿನ ಕಥೆ ನಮ್ಮ ರಾಜ್ಯಕ್ಕೇ ಸೇರಿದ್ದು. ಸವಿತಾ ಹಾಲಪ್ಪನವರ್ ಬೆಳಗಾವಿಯಲ್ಲಿ ಬೆಳೆದ ಹುಡುಗಿ, ಹಲ್ಲಿನ ಡಾಕ್ಟರು. 2012ರ ಅಕ್ಟೋಬರ್‌ನಲ್ಲಿ ಗಾಲ್ವೇ ಊರಿನ ಆಸ್ಪತ್ರೆಗೆ ಹೋದಾಗ 17 ವಾರದ ಬಸುರಿ. ಗರ್ಭ ಉಳಿಯುವುದಿಲ್ಲ ಅಂತ ಡಾಕ್ಟರಿಗೂ ಗೊತ್ತಿತ್ತು. ತೆಗೆದುಬಿಡಿ ಅಂತ ಆಕೆ ಕೇಳಿದರು. ಮಗುವಿನ ಎದೆಬಡಿತ ಇನ್ನೂ ಇದೆ, ಕಾನೂನು ಬಿಡುವುದಿಲ್ಲ ಅಂದರು. ಸೋಂಕು ರಕ್ತಕ್ಕೇರಿ ಅಕ್ಟೋಬರ್ 28ರಂದು ತೀರಿಕೊಂಡರು. 31 ವರ್ಷ. 1983ರಲ್ಲಿ ಸಂವಿಧಾನಕ್ಕೆ ಸೇರಿಸಿದ್ದ ಎಂಟನೆಯ ತಿದ್ದುಪಡಿ ಅಲ್ಲಿ ತಾಯಿಯ ಜೀವಕ್ಕೂ ಹುಟ್ಟದ ಮಗುವಿನ ಜೀವಕ್ಕೂ ಸಮಾನ ಹಕ್ಕು ಕೊಟ್ಟಿತ್ತು.

ಆಮೇಲೆ ಐರ್ಲೆಂಡಿನ ಹಲವು ನಾಯಕರು ಬದಲಾದರು. ಆಗಿನ ಪ್ರಧಾನಿ ಲಿಯೋ ವರಾಡ್ಕರ್ ಹಿಂದೆ ತಾನು ಗರ್ಭಪಾತದ ವಿರೋಧಿ ಅಂತ ಹೇಳಿಕೊಂಡಿದ್ದವರು, 2018ರಲ್ಲಿ ಆ ತಿದ್ದುಪಡಿ ತೆಗೆಯಲು ಪ್ರಚಾರ ಮಾಡಿದರು. ಅವರಿಗೆ ಗಾಳಿ ಯಾವ ಕಡೆಗೆ ಬೀಸುತ್ತಿದೆ ಅಂತ ಗೊತ್ತಿತ್ತು ಅನ್ನಬಹುದು. ನನಗೆ ಹೆಚ್ಚು ಮುಖ್ಯ ಅನ್ನಿಸುವವರು ಆಗ ವಿರೋಧ ಪಕ್ಷವಾಗಿದ್ದ ಫಿಯಾನಾ ಫಾಯಿಲ್‌ನ ನಾಯಕ ಮೀಹಾಲ್ ಮಾರ್ಟಿನ್. 2017ರ ಅಕ್ಟೋಬರ್‌ನಲ್ಲಿ ಅವರ ಪಕ್ಷದ ಸಮಾವೇಶವೇ ತಿದ್ದುಪಡಿ ಉಳಿಯಬೇಕು ಅಂತ ನಿರ್ಣಯ ಮಾಡಿತ್ತು. ಅವರ ಶಾಸಕರಲ್ಲಿ ಬಹಳಷ್ಟು ಜನ ಅದೇ ಕಡೆ. ಆದರೂ 2018ರ ಜನವರಿಯಲ್ಲಿ ಸಂಸತ್ತಿನಲ್ಲಿ ಎದ್ದು, ಸಮಿತಿಯ ಮುಂದೆ ಬಂದ ಸಾಕ್ಷ್ಯಗಳನ್ನೆಲ್ಲ ಓದಿದ ಮೇಲೆ ತನ್ನ ಅಭಿಪ್ರಾಯ ಬದಲಾಗಿದೆ ಅಂದರು. ಆ ವರ್ಷದ ಮೇ 25ರಂದು ಶೇ. 66.4 ಜನ ತಿದ್ದುಪಡಿ ತೆಗೆಯಲು ಒಪ್ಪಿದರು.

ರಾಮ್ನಿ, ಬೈಡನ್ ಬದಲಾದದ್ದು ತಮಗೆ ಟಿಕೆಟ್ ಕೊಡುವವರ ಕಡೆಗೆ. ಮಾರ್ಟಿನ್ ಬದಲಾದದ್ದು ತಮ್ಮವರ ವಿರುದ್ಧಕ್ಕೆ. ಬದಲಾವಣೆಯಿಂದ ಆ ಮನುಷ್ಯನಿಗೆ ಏನು ನಷ್ಟವಾಗಬಹುದಿತ್ತು ಅಂತ ಕೇಳಿಕೊಂಡರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಇನ್ನು ನಮ್ಮ ಕಡೆಯ ಮಾತು. ನಿಕ್ಸನ್ ಕ್ಯಾಥೊಲಿಕ್ ಓಟು ಎಣಿಸುತ್ತಿದ್ದ ಅದೇ 1971ರ ಆಗಸ್ಟ್‌ನಲ್ಲಿ ನಮ್ಮ ಸಂಸತ್ತು ವೈದ್ಯಕೀಯ ಗರ್ಭಪಾತ ಕಾಯ್ದೆಯನ್ನು ಒಪ್ಪಿಕೊಂಡಿತು. 1964ರಲ್ಲಿ ನೇಮಿಸಿದ ಶಾಂತಿಲಾಲ್ ಷಾ ಸಮಿತಿ ಕೊಟ್ಟ ವರದಿ ಅದಕ್ಕೆ ಅಡಿಪಾಯ. ಬೀದಿಯಲ್ಲಿ ಗಲಾಟೆ ಆಗಲಿಲ್ಲ. ಕದ್ದುಮುಚ್ಚಿ ಮಾಡಿಸಿಕೊಂಡು ಹೆಂಗಸರು ಸಾಯುತ್ತಿದ್ದಾರೆ ಅನ್ನುವುದು ಒಂದು ಕಾರಣ, ಜನಸಂಖ್ಯೆಯ ಭಯ ಇನ್ನೊಂದು. ಹಕ್ಕಿನ ಮಾತು ಅಲ್ಲಿ ಹೆಚ್ಚಾಗಿ ಇರಲಿಲ್ಲ. ಇವತ್ತಿಗೂ ನಮ್ಮ ಕಾನೂನಿನಲ್ಲಿ ಹೆಂಗಸು ಕೇಳಿದರೆ ಸಾಲದು, ಡಾಕ್ಟರು ಒಪ್ಪಬೇಕು. 2021ರ ತಿದ್ದುಪಡಿ ಪ್ರಕಾರ 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ, 24 ವಾರದವರೆಗೆ ಕೆಲವು ವರ್ಗದ ಹೆಂಗಸರಿಗೆ ಇಬ್ಬರದ್ದು. ಭ್ರೂಣಕ್ಕೆ ಗಂಭೀರ ದೋಷವಿದ್ದರೆ ಅದಕ್ಕೂ ಮೇಲೆ, ವೈದ್ಯಕೀಯ ಮಂಡಳಿ ತೀರ್ಮಾನಿಸಬೇಕು. ಎರಡೂ ಸದನದಲ್ಲಿ ಅದು ಧ್ವನಿಮತದಲ್ಲೇ ಪಾಸಾಯಿತು. ಯಾರು ಯಾವ ಕಡೆ ಅಂತ ದಾಖಲೆಯೂ ಇಲ್ಲ. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟು, ಮದುವೆಯಾಗದ ಹೆಂಗಸರಿಗೂ 24 ವಾರದ ಅವಕಾಶ ಇದೆ ಅಂತ ತೀರ್ಪು ಕೊಟ್ಟಿತು. ಅವತ್ತು ಸಂಜೆ ಯಾವ ಪಕ್ಷವೂ ಅದರ ಮೇಲೆ ಮೆರವಣಿಗೆ ಮಾಡಲಿಲ್ಲ.

ಯಾಕೆ ಅಂದರೆ ಇಲ್ಲಿ ಶಾಸಕ ಅಥವಾ ಸಂಸದನ ಸ್ವಂತ ನಿಲುವಿಗೆ ಬೆಲೆಯೇ ಇಲ್ಲ. 1985ರ ಪಕ್ಷಾಂತರ ನಿಷೇಧ ಕಾನೂನು ಬಂದ ಮೇಲೆ ಪಕ್ಷ ವಿಪ್ ಕೊಟ್ಟಂತೆ ಓಟು ಹಾಕದಿದ್ದರೆ ಸದಸ್ಯತ್ವಕ್ಕೇ ಸಂಚಕಾರ. ಅಮೆರಿಕದ ಸೆನೆಟರ್ ಪಕ್ಷವನ್ನು ಮೀರಿ ಓಟು ಹಾಕಬಹುದು, ಆದ್ದರಿಂದ ಅವನ ಮನಸ್ಸಿನಲ್ಲಿ ಏನಿದೆ ಅಂತ ಜನ ಕೆದಕುತ್ತಾರೆ. ನಮ್ಮವರ ಮನಸ್ಸು ಕೆದಕಿ ಏನು ಪ್ರಯೋಜನ? ಹಾಗಾಗಿ ಅಲ್ಲಿಯವರು ಪಕ್ಷದಲ್ಲೇ ಇದ್ದು ನಿಲುವು ಬದಲಿಸುತ್ತಾರೆ. ನಮ್ಮವರು ಪಕ್ಷವನ್ನೇ ಬದಲಿಸುತ್ತಾರೆ. ನಮ್ಮ ಜಿಲ್ಲೆಗಿಂತ ಒಳ್ಳೆಯ ಉದಾಹರಣೆ ಬೇಕಾ? ಎಸ್. ಬಂಗಾರಪ್ಪನವರು ಶಿವಮೊಗ್ಗ ಲೋಕಸಭಾ ಕ್ಷೇತ್ರದಿಂದ 1996ರಲ್ಲಿ ಗೆದ್ದದ್ದು ಕರ್ನಾಟಕ ಕಾಂಗ್ರೆಸ್ ಪಕ್ಷದಿಂದ, 1999ರಲ್ಲಿ ಕಾಂಗ್ರೆಸ್‌ನಿಂದ, 2004ರಲ್ಲಿ ಬಿಜೆಪಿಯಿಂದ, 2005ರ ಉಪಚುನಾವಣೆಯಲ್ಲಿ ಸಮಾಜವಾದಿ ಪಕ್ಷದಿಂದ. ನಾಲ್ಕು ಚಿಹ್ನೆ, ಅದೇ ಕ್ಷೇತ್ರ. ಜನ ಚಿಹ್ನೆ ನೋಡಲಿಲ್ಲ, ಪಂಪ್‌ಸೆಟ್‌ಗೆ ಉಚಿತ ಕರೆಂಟು ಕೊಟ್ಟ ಮನುಷ್ಯನನ್ನು ನೋಡಿದರು. ಇದರಲ್ಲಿ ವ್ಯಂಗ್ಯ ಇಲ್ಲ. ನಮ್ಮ ಕಡೆ ನಂಬಿಕೆ ಅಂಟಿಕೊಳ್ಳುವುದು ಮನುಷ್ಯನಿಗೆ.

ಆದರೆ ಹೆಂಗಸಿನ ಹೊಟ್ಟೆಯ ವಿಷಯದಲ್ಲಿ ನಮ್ಮ ರಾಜಕಾರಣಿಗಳು ಉಲ್ಟಾ ಹೊಡೆದೇ ಇಲ್ಲ ಅಂದುಕೊಳ್ಳಬೇಡಿ. ಗರ್ಭಪಾತದಲ್ಲಿ ಅಲ್ಲ, ಮಕ್ಕಳ ಲೆಕ್ಕದಲ್ಲಿ. ತುರ್ತು ಪರಿಸ್ಥಿತಿಯ 1976-77ರಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಆಪರೇಷನ್ ಆದವು. ಅವುಗಳಲ್ಲಿ ಹೆಚ್ಚಿನವು ಗಂಡಸರಿಗೆ. ಉತ್ತರ ಭಾರತ ಸಿಡಿದೆದ್ದಿತು, 1977ರ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ನೆಲಕಚ್ಚಿತು. ಕರ್ನಾಟಕದಲ್ಲಿ ಮಾತ್ರ ಅದೇ ಚುನಾವಣೆಯಲ್ಲಿ 28ರಲ್ಲಿ 26 ಸ್ಥಾನ ಅವರಿಗೇ. ಮರುವರ್ಷ ಇಂದಿರಾ ಗಾಂಧಿ ಸಂಸತ್ತಿಗೆ ವಾಪಸಾದದ್ದು ನಮ್ಮ ಪಕ್ಕದ ಚಿಕ್ಕಮಗಳೂರಿನಿಂದ. ಆದರೂ ಎಲ್ಲ ಪಕ್ಷಗಳೂ ಪಾಠ ಕಲಿತವು. ಇಲಾಖೆಯ ಹೆಸರಿನಲ್ಲಿ ಕುಟುಂಬ ಯೋಜನೆ ಹೋಗಿ ಕುಟುಂಬ ಕಲ್ಯಾಣ ಬಂತು. ಆಪರೇಷನ್ ಸಂಖ್ಯೆ ಒಂದೇ ವರ್ಷದಲ್ಲಿ 10 ಲಕ್ಷದ ಒಳಗೆ ಇಳಿಯಿತು. ಮತ್ತೆ ಏರತೊಡಗಿದಾಗ ಮೇಜಿನ ಮೇಲೆ ಮಲಗಿದವರು ಹೆಂಗಸರು. ಗಂಡಸರ ಸಿಟ್ಟು ಓಟಿಗೆ ಅಪಾಯ ಅಂತ ಗೊತ್ತಾಗಿತ್ತಲ್ಲ. ಇವತ್ತಿಗೂ ಕ್ಯಾಂಪಿನಲ್ಲಿ ಸಾಲಿನಲ್ಲಿರುವವರು ಯಾರು ಅಂತ ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ.

ತೀರಾ ಇತ್ತೀಚಿನದೂ ಇದೆ. ಇಬ್ಬರಿಗಿಂತ ಜಾಸ್ತಿ ಮಕ್ಕಳಿದ್ದರೆ ಪಂಚಾಯಿತಿಗೆ ನಿಲ್ಲುವಂತಿಲ್ಲ ಅನ್ನುವ ಕಾನೂನು ಆಂಧ್ರದಲ್ಲಿ 1994ರಿಂದ ಇತ್ತು. ಹಿಂದೆ ಮುಖ್ಯಮಂತ್ರಿಯಾಗಿ ಚಿಕ್ಕ ಕುಟುಂಬದ ಪ್ರಚಾರ ಮಾಡಿದ್ದ ಚಂದ್ರಬಾಬು ನಾಯ್ಡು 2024ರಲ್ಲಿ ಜಾಸ್ತಿ ಮಕ್ಕಳು ಬೇಕು ಅಂದರು, ಆ ಕಾನೂನನ್ನೂ ತೆಗೆದರು. ಜನ ವಯಸ್ಸಾಗುತ್ತಿದ್ದಾರೆ ಅನ್ನುವುದು ನಿಜ. ಲೋಕಸಭೆಯ ಸ್ಥಾನ ಜನಸಂಖ್ಯೆಯ ಮೇಲೆ ಮತ್ತೆ ಹಂಚಿಕೆಯಾದರೆ ದಕ್ಷಿಣಕ್ಕೆ ನಷ್ಟ ಅನ್ನುವ ಭಯವೂ ನಿಜ.

ಮಲೆನಾಡಿನಲ್ಲಿ ಓಟು ಕೇಳಲು ಬಂದವರಿಗೆ ನಾವು ಏನು ಕೇಳುತ್ತೇವೆ? ಬಗರ್‌ಹುಕುಂ ಹಕ್ಕುಪತ್ರ, ಶರಾವತಿ ಮುಳುಗಡೆ ಸಂತ್ರಸ್ತರ ಭೂಮಿ, ಅಡಿಕೆ ಧಾರಣೆ, ಎಲೆಚುಕ್ಕಿ ರೋಗ, ಕಸ್ತೂರಿರಂಗನ್ ವರದಿ, ಕಾಡಾನೆ, ಮಂಗನ ಕಾಯಿಲೆ, ನೆಟ್‌ವರ್ಕ್ ಟವರ್. ಎಲ್ಲ ಸರಿ. ಈ ಪಟ್ಟಿಯಲ್ಲಿ ಹೆಂಗಸರ ಡಾಕ್ಟರು ಬರುವುದಿಲ್ಲ. ಮೌನದಿಂದ ನಮಗೆ ಒಂದು ಲಾಭವಾಗಿದೆ: ಗರ್ಭಪಾತ ಇಲ್ಲಿ ಧರ್ಮಯುದ್ಧವಾಗಲಿಲ್ಲ. ನಷ್ಟವೂ ಆಗಿದೆ. ಕಾನೂನು 24 ವಾರ ಅಂದರೂ ಆಗುಂಬೆ ಕಡೆಯ ಹೆಂಗಸು ಮಳೆಗಾಲದಲ್ಲಿ ಸುಮಾರು 90 ಕಿ.ಮೀ. ದಾಟಿ ಶಿವಮೊಗ್ಗಕ್ಕೆ ಬರಬೇಕಾದರೆ ವಾರಗಳು ಸುಮ್ನೆ ಕರಗುತ್ತವೆ. ಜೊತೆಗೆ ಇನ್ನೊಂದು ಗೊಂದಲ. ಭ್ರೂಣದ ಲಿಂಗ ಪತ್ತೆ ಮಾಡುವುದನ್ನು ನಿಷೇಧಿಸಿದ್ದು 1994ರ ಬೇರೆ ಕಾನೂನು. ಸ್ಕ್ಯಾನಿಂಗ್ ಸೆಂಟರಿನ ಗೋಡೆಯ ಮೇಲಿರುವ ಬೋರ್ಡು ಅದರದ್ದು. 2023ರ ಕೊನೆಗೆ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮಾಡುತ್ತಿದ್ದ ಜಾಲ ಸಿಕ್ಕಿಬಿದ್ದಾಗ ಎಲ್ಲ ಪಕ್ಷದವರೂ ಅಬ್ಬರಿಸಿದರು. ಅಬ್ಬರಿಸಬೇಕಾದ್ದೇ. ಆದರೆ ಆ ಗದ್ದಲದಲ್ಲಿ ಎಷ್ಟೋ ಹೆಂಗಸರಿಗೆ ಗರ್ಭಪಾತವೇ ಅಪರಾಧ ಅನ್ನುವ ಭಾವನೆ ಬೇರೂರುತ್ತದೆ. ಹಾಗೆ ಹೆದರಿದವರು ಮೆಡಿಕಲ್ ಶಾಪಿನ ಮಾತ್ರೆ ತಂದು ಯಾರಿಗೂ ಹೇಳದೆ ನುಂಗುತ್ತಾರೆ. 2015ರಲ್ಲಿ ಭಾರತದಲ್ಲಿ ಅಂದಾಜು 1.56 ಕೋಟಿ ಗರ್ಭಪಾತ ಆದವು ಅಂತ ಒಂದು ದೊಡ್ಡ ಅಧ್ಯಯನ ಹೇಳಿತ್ತು. ಅದರಲ್ಲಿ ನಾಲ್ಕರಲ್ಲಿ ಮೂರು ಪಾಲಿನಷ್ಟು ಆಸ್ಪತ್ರೆಯ ಹೊರಗೆ, ಮಾತ್ರೆಯಿಂದ.

ಕೊನೆಗೆ ನಿಮ್ಮ ಮಗಳ ವಿಷಯ. ನಾನು ಡಾಕ್ಟರೂ ಅಲ್ಲ, ವಕೀಲನೂ ಅಲ್ಲ. ಆದರೆ ಟಿವಿಯಲ್ಲಿ ಬರುವ ಮಾತಿಗಿಂತ ಕಾನೂನಿನ ಪಠ್ಯ ನೋಡಿದರೆ ಸ್ವಲ್ಪ ಸಮಾಧಾನ ಆಗಬಹುದು. ಟೆಕ್ಸಾಸ್‌ನ ನಿಷೇಧ ನಿಜವಾಗಿಯೂ ಕಠಿಣ. ಕಾನೂನು ಮೀರಿದ ಡಾಕ್ಟರಿಗೆ ಜೀವಾವಧಿಯವರೆಗೂ ಜೈಲಾಗಬಹುದು, ಕನಿಷ್ಠ ಒಂದು ಲಕ್ಷ ಡಾಲರ್ ದಂಡ ಬೇರೆ. ಆದರೆ ಹೊಟ್ಟೆಯಲ್ಲೇ ತೀರಿಹೋದ ಮಗುವನ್ನು ತೆಗೆಯುವುದು, ಗರ್ಭಕೋಶದ ಹೊರಗೆ ಬೆಳೆದ ಬಸಿರಿಗೆ ಚಿಕಿತ್ಸೆ ಕೊಡುವುದು ಆ ನಿಷೇಧದೊಳಗೆ ಬರುವುದಿಲ್ಲ. ತಾಯಿಯ ಜೀವಕ್ಕೆ ಅಪಾಯವಿದ್ದರೆ ಡಾಕ್ಟರು ಕೈ ಹಾಕಬಹುದು. ಎಷ್ಟು ಅಪಾಯ ಬರುವವರೆಗೆ ಕಾಯಬೇಕು ಅನ್ನುವುದೇ ಅಲ್ಲಿನ ಡಾಕ್ಟರುಗಳ ಭಯವಾಗಿತ್ತು. 2021ರಲ್ಲಿ ಟೆಕ್ಸಾಸ್‌ನ ಆರು ವಾರದ ಮಿತಿಯ ಕಾನೂನನ್ನು ಮಂಡಿಸಿದ್ದ ಆ ರಾಜ್ಯದ ಸೆನೆಟರ್ ಬ್ರಯನ್ ಹ್ಯೂಸ್ ಅವರೇ 2025ರಲ್ಲಿ ಇದನ್ನು ಸ್ಪಷ್ಟಪಡಿಸುವ ಮಸೂದೆ ತಂದರು, ಅದು ಕಾನೂನಾಯಿತು. ಅಪಾಯ ತಕ್ಷಣ ಎದುರಿಗೇ ಬರುವವರೆಗೆ ಕಾಯಬೇಕಾಗಿಲ್ಲ ಅನ್ನುವುದು ಅದರ ಸಾರ. ಇದು ನಿಲುವು ಬದಲಾವಣೆಯಲ್ಲ, ಬರೀ ಸ್ಪಷ್ಟನೆ ಅನ್ನುವುದು ಅವರ ಕಡೆಯ ವಾದ. ಇರಲಿ ಬಿಡಿ, ಹೆಸರು ಏನಾದರೂ ಇಟ್ಟುಕೊಳ್ಳಲಿ.

ಮಗಳಿಗೆ ಹೇಳಿ, ಮುಂದಿನ ತಪಾಸಣೆಗೆ ಹೋದಾಗ ಡಾಕ್ಟರನ್ನು ನೇರವಾಗಿ ಕೇಳಲಿ: ತಿಂಗಳು ತುಂಬುವ ಮೊದಲೇ ನೀರು ಹೋದರೆ, ರಕ್ತಸ್ರಾವ ಆದರೆ ನಿಮ್ಮ ಆಸ್ಪತ್ರೆ ಏನು ಮಾಡುತ್ತದೆ, ಯಾವ ಹಂತದಲ್ಲಿ ಮಾಡುತ್ತದೆ? ಉತ್ತರ ತಡವರಿಸಿದರೆ ಬೇರೆ ಆಸ್ಪತ್ರೆ ನೋಡಿಕೊಳ್ಳಲಿ. ಜ್ವರ ಬಂದು ಹೊಟ್ಟೆ ನೋವು ಶುರುವಾದರೆ ಮರುದಿನ ನೋಡೋಣ ಅನ್ನದೆ ಆಗಲೇ ಆಸ್ಪತ್ರೆಗೆ ಹೋಗಲಿ, ಅಳಿಯ ಜೊತೆಗಿರಲಿ. ನಿಮ್ಮ ಮನೆ ಬಾಗಿಲಿಗೆ ಓಟು ಕೇಳಲು ಬಂದವರಿಗೂ ಒಂದು ಪ್ರಶ್ನೆ ಇಟ್ಟುಕೊಳ್ಳಿ. ತಾಲ್ಲೂಕು ಆಸ್ಪತ್ರೆಯಲ್ಲಿ ಹೆರಿಗೆ ಡಾಕ್ಟರು ವಾರದಲ್ಲಿ ಎಷ್ಟು ದಿನ ಇರುತ್ತಾರೆ, ಅರಿವಳಿಕೆ ಡಾಕ್ಟರು ಇದ್ದಾರಾ ಅಂತ. ಗರ್ಭಪಾತದ ಬಗ್ಗೆ ಅವರ ಅಭಿಪ್ರಾಯ ಏನು ಅಂತ ಕೇಳಬೇಕಾಗಿಲ್ಲ, ಹೇಗೂ ವಿಪ್ ಬಂದಂತೆ ಓಟು ಹಾಕುತ್ತಾರೆ.